ಹೊಲ-ತೋಟಗಳಲ್ಲಿ ಎಲೆಕ್ಟ್ರಾನಿಕ್ ಅಳತೆ ಸಾಧನಗಳು: ಸ್ಥಳದ ಆಯ್ಕೆ, ಅಳವಡಿಕೆ ಮತ್ತು ಸುರಕ್ಷಿತ ಬಳಕೆ

ಮಣ್ಣಿನ ತೇವಾಂಶ ಸಂವೇದಕ, ಸ್ವಯಂಚಾಲಿತ ಮಳೆಮಾಪಕ, ಗಾಳಿಯ ಉಷ್ಣಾಂಶ ಮತ್ತು ಆರ್ದ್ರತೆ ಅಳೆಯುವ ಸಾಧನ, ಧಾನ್ಯದ ತೇವಾಂಶ ಮಾಪಕ, ರಸಸಾರ ಮಾಪಕ ಮುಂತಾದವು ಹಿಂದೆ ಹೆಚ್ಚಾಗಿ ಸಂಶೋಧನಾ ಕೇಂದ್ರಗಳ ಪ್ರಯೋಗ ತಾಕುಗಳಲ್ಲಿ ಕಾಣಸಿಗುತ್ತಿದ್ದವು. ಇಂದು ಅವು ರೈತರ ಹೊಲಗಳಿಗೂ ಬಂದಿವೆ. ನೀರು ಯಾವಾಗ ಬಿಡಬೇಕು, ಔಷಧಿ ಯಾವಾಗ ಸಿಂಪಡಿಸಬೇಕು, ಫಸಲನ್ನು ಯಾವಾಗ ಮಾರುಕಟ್ಟೆಗೆ ಒಯ್ಯಬೇಕು ಎಂಬ ತೀರ್ಮಾನಗಳನ್ನು ಈ ಸಾಧನಗಳ ಅಂಕೆಯನ್ನು ನಂಬಿ ಕೈಗೊಳ್ಳಲಾಗುತ್ತಿದೆ.

ಸಾಧನವು ತಾನು ಇರುವ ಜಾಗದ ಸ್ಥಿತಿಯನ್ನು ಮಾತ್ರ ಅಳೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಬದುವಿನ ಪಕ್ಕದಲ್ಲಿ ನೆಟ್ಟ ಸಂವೇದಕ ಬದುವಿನ ತೇವವನ್ನು ಹೇಳುತ್ತದೆ, ತಗಡಿನ ಚಾವಣಿಯ ಕೆಳಗಿನ ಉಷ್ಣಮಾಪಕ ತಗಡಿನ ಕಾವನ್ನು ಹೇಳುತ್ತದೆ. ಎರಡೂ ಸಂದರ್ಭಗಳಲ್ಲಿ ಪರದೆಯ ಮೇಲೆ ದಶಮಾಂಶ ಸಹಿತವಾದ ಅಚ್ಚುಕಟ್ಟಾದ ಅಂಕೆಯೇ ಮೂಡುವುದರಿಂದ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕ್ಷೇತ್ರ ಭೇಟಿಗಳಲ್ಲಿ ಕಂಡುಬರುವ ದೋಷಗಳಲ್ಲಿ ಯಂತ್ರ ಕೆಟ್ಟಿರುವುದಕ್ಕಿಂತ ಯಂತ್ರವನ್ನು ತಪ್ಪಾದ ಸ್ಥಳದಲ್ಲಿ ಇಟ್ಟಿರುವುದೇ ಹೆಚ್ಚು. ಆದ್ದರಿಂದ ಈ ಲೇಖನದಲ್ಲಿ ಸಾಧನಗಳ ಬೆಲೆ ಹಾಗೂ ಮಾದರಿಗಳಿಗಿಂತ ಅವುಗಳನ್ನು ಎಲ್ಲಿ, ಹೇಗೆ ಇಡಬೇಕು ಎಂಬುದಕ್ಕೆ ಹೆಚ್ಚಿನ ಸ್ಥಳ ಕೊಡಲಾಗಿದೆ.

ಮಣ್ಣಿನ ತೇವಾಂಶ ಸಂವೇದಕಗಳು

ಸದ್ಯ ಬಳಕೆಯಲ್ಲಿರುವವು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯವು ಮಣ್ಣಿನಲ್ಲಿ ನೀರು ಎಷ್ಟಿದೆ ಎಂದು ಶೇಕಡಾ ಪ್ರಮಾಣದಲ್ಲಿ ತೋರಿಸುತ್ತವೆ. ಎರಡನೆಯವು ಆ ನೀರನ್ನು ಹೀರಲು ಬೇರು ಎಷ್ಟು ಬಲ ಹಾಕಬೇಕು ಎಂಬುದನ್ನು ಸೆಂಟಿಬಾರ್ ಅಥವಾ ಕಿಲೋಪಾಸ್ಕಲ್ ಲೆಕ್ಕದಲ್ಲಿ ತೋರಿಸುತ್ತವೆ. ಟೆನ್ಸಿಯೋಮೀಟರ್ ಮತ್ತು ಜಿಪ್ಸಂ ಬಿಲ್ಲೆಗಳು ಈ ಎರಡನೆಯ ಗುಂಪಿಗೆ ಸೇರುತ್ತವೆ. ಮೊದಲನೆಯದರಲ್ಲಿ ಅಂಕೆ ಏರಿದರೆ ತೇವ ಹೆಚ್ಚು, ಎರಡನೆಯದರಲ್ಲಿ ಅಂಕೆ ಏರಿದರೆ ಮಣ್ಣು ಒಣಗುತ್ತಿದೆ ಎಂದರ್ಥ. ಒಂದೇ ತೋಟದಲ್ಲಿ ಎರಡೂ ಬಗೆಯ ಸಾಧನಗಳಿದ್ದರೆ ನೀರು ಬಿಡುವ ಕೆಲಸಗಾರರಿಗೆ ಇದನ್ನು ಬಿಡಿಸಿ ಹೇಳಿ. 60 ಎಂಬ ಅಂಕೆ ಕಂಡು ತೇವ ಸಾಕಷ್ಟಿದೆ ಎಂದುಕೊಂಡು ಬೆಳೆಯನ್ನು ಬಾಡಿಸಿದ ಉದಾಹರಣೆಗಳಿವೆ. ಅಂಕೆಯ ಗೊಡವೆಯೇ ಬೇಡ ಎನ್ನುವವರಿಗೆ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ ರೂಪಿಸಿದ, ಬಣ್ಣದ ದೀಪಗಳಿಂದ ತೇವದ ಮಟ್ಟ ಸೂಚಿಸುವ ಸರಳ ಸಾಧನ ಅನುಕೂಲಕರವಾಗಿದೆ. ನೀಲಿ ದೀಪ ಬೆಳಗಿದರೆ ತೇವ ಧಾರಾಳವಾಗಿದೆ ಎಂದೂ, ಕೆಂಪು ಬೆಳಗಿದರೆ ಕೂಡಲೇ ನೀರು ಬೇಕೆಂದೂ ತಿಳಿಯಬೇಕು.

ಶೇಕಡಾ ಪ್ರಮಾಣ ತೋರಿಸುವ ಸಂವೇದಕವು ನೀರನ್ನು ನೇರವಾಗಿ ಅಳೆಯುವುದಿಲ್ಲ. ತನ್ನ ಸುತ್ತಲಿನ ವಸ್ತುವಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಎಂಬ ವಿದ್ಯುತ್ ಗುಣವನ್ನು ಅಳೆದು ಅದರಿಂದ ನೀರಿನ ಲೆಕ್ಕ ಹಾಕುತ್ತದೆ. ಗಾಳಿಗೆ ಈ ಸ್ಥಿರಾಂಕ 1, ಮಣ್ಣಿನ ಒಣ ಕಣಗಳಿಗೆ ಸುಮಾರು 3ರಿಂದ 5, ನೀರಿಗೆ ಸುಮಾರು 80. ಇಷ್ಟು ತಿಳಿದರೆ ಅಳವಡಿಕೆಯ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಕಡ್ಡಿ ಮತ್ತು ಮಣ್ಣಿನ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಸಾಧನವು ಮಣ್ಣು ಇರುವುದಕ್ಕಿಂತ ಒಣಗಿದೆ ಎಂದು ತೋರಿಸುತ್ತದೆ. ಆ ಸಂದಿಯಲ್ಲಿ ನೀರು ನಿಂತರೆ ಇರುವುದಕ್ಕಿಂತ ಹಸಿ ಎಂದು ತೋರಿಸುತ್ತದೆ. ಇಂತಹ ಸಂವೇದಕದ ಗ್ರಹಣ ವ್ಯಾಪ್ತಿ ಕಡ್ಡಿಯ ಸುತ್ತ ಕೆಲವೇ ಸೆಂಟಿಮೀಟರ್ ಆಗಿರುವುದರಿಂದ ಒಂದು ಕಲ್ಲು, ಒಂದು ಇಲಿ ಬಿಲ ಅಥವಾ ಕೊಳೆತ ಬೇರು ಸಹ ಅಳತೆಯನ್ನು ಕೆಡಿಸಬಲ್ಲದು.

ಎರೆಭೂಮಿಯ ರೈತರು ಈ ವಿಷಯದಲ್ಲಿ ಹೆಚ್ಚಿನ ಎಚ್ಚರ ವಹಿಸಬೇಕು. ಎರೆಮಣ್ಣು ನೆನೆದಾಗ ಹಿಗ್ಗಿ ಒಣಗಿದಾಗ ಬಿರಿಯುತ್ತದೆ. ಕಡ್ಡಿ ನೆಟ್ಟ ಜಾಗವೇ ದುರ್ಬಲವಾಗಿರುವುದರಿಂದ ಬಿರುಕು ಅನೇಕ ಸಲ ಅಲ್ಲಿಂದಲೇ ಆರಂಭವಾಗುತ್ತದೆ. ಬಿರುಕು ಬಿಟ್ಟ ಮೇಲೆ ಸಾಧನವು ಪಕ್ಕದ ಹೆಂಟೆಯೊಳಗಿರುವ ತೇವವನ್ನು ಕಾಣದೆ ಒಣ ಅಂಕೆಯನ್ನೇ ತೋರಿಸುತ್ತದೆ. ಅದನ್ನು ನಂಬಿ ನೀರು ಬಿಟ್ಟರೆ, ನೀರು ಬಿರುಕಿನಲ್ಲಿ ನೇರವಾಗಿ ಕೆಳಗಿಳಿದು ಕ್ಷಣಾರ್ಧದಲ್ಲಿ ಅಂಕೆ ಮೇಲೇರುತ್ತದೆ, ಎರಡು ದಿನಗಳಲ್ಲಿ ಮತ್ತೆ ಇಳಿಯುತ್ತದೆ. ಹೀಗೆ ಪದೇ ಪದೇ ನೀರು ಕೊಡುತ್ತ ಹೋದರೆ ಬೇರು ಕೊಳೆಯುವುದಲ್ಲದೆ, ತುಂಗಭದ್ರಾ ಮತ್ತು ಕೃಷ್ಣಾ ಅಚ್ಚುಕಟ್ಟು ಪ್ರದೇಶಗಳಲ್ಲಿ ಈಗಾಗಲೇ ಕಾಡುತ್ತಿರುವ ಜೌಗು ಮತ್ತು ಸವಳಿನ ಸಮಸ್ಯೆಗೆ ಇನ್ನಷ್ಟು ಇಂಬು ಸಿಗುತ್ತದೆ. ಸವಳು ಮಣ್ಣಿನಲ್ಲಿ ಲವಣಾಂಶವು ಸಂವೇದಕದ ಅಂಕೆಯನ್ನು ಇರುವುದಕ್ಕಿಂತ ಮೇಲಕ್ಕೆ ಎತ್ತುವುದೂ ಉಂಟು. ಆದ್ದರಿಂದ ಎರೆಮಣ್ಣಿನಲ್ಲಿ ಕಡ್ಡಿಯನ್ನು ಮೇಲಿನಿಂದ ನೇರವಾಗಿ ಚುಚ್ಚಬೇಡಿ. ಸಣ್ಣ ಗುಂಡಿ ತೋಡಿ, ಅದರ ಪಕ್ಕದ ಗೋಡೆಯ ಅಲುಗದ ಮಣ್ಣಿಗೆ ಅಡ್ಡಲಾಗಿ ಚುಚ್ಚಿ, ಅಗೆದ ಮಣ್ಣನ್ನು ತೆಗೆದ ಕ್ರಮದಲ್ಲಿಯೇ ಪದರು ಪದರಾಗಿ ತುಂಬಿ ತುಳಿಯಬೇಕು. ಮೇಲೆ ಒಣಹುಲ್ಲು ಅಥವಾ ರವದಿಯ ಹೊದಿಕೆ ಹಾಕಿದರೆ ಬಿರುಕು ಕಡಿಮೆಯಾಗುತ್ತದೆ. ಕಾರ್ಖಾನೆಯಲ್ಲಿ ನಿಗದಿಪಡಿಸಿದ ಸಾಮಾನ್ಯ ಹೊಂದಾಣಿಕೆ ಎರೆಮಣ್ಣಿಗೆ ಒಪ್ಪದಿರಬಹುದಾದ ಕಾರಣ, ಮೊದಲ ಹಂಗಾಮಿನಲ್ಲಿ ಒಮ್ಮೆಯಾದರೂ ಸಂವೇದಕದ ಪಕ್ಕದಿಂದ ಮಣ್ಣಿನ ಮಾದರಿ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಅಲ್ಲಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ ತೂಗಿದ ತೇವಾಂಶ ತೂಕದ ಲೆಕ್ಕದ್ದು, ಸಂವೇದಕ ತೋರಿಸುವುದು ಸಾಮಾನ್ಯವಾಗಿ ಗಾತ್ರದ ಲೆಕ್ಕದ್ದು. ಮಣ್ಣಿನ ಗಾತ್ರ ಸಾಂದ್ರತೆಯಿಂದ ಗುಣಿಸಿದ ನಂತರವೇ ಎರಡನ್ನೂ ಹೋಲಿಸಬೇಕೆಂಬುದನ್ನು ವಿಸ್ತರಣಾ ಕಾರ್ಯಕರ್ತರು ಮರೆಯಬಾರದು.

ಟೆನ್ಸಿಯೋಮೀಟರ್‌ನ ಕೆಲಸದ ಮಿತಿ ಸುಮಾರು 80 ಸೆಂಟಿಬಾರ್. ಅದರಾಚೆ ಮಣ್ಣಿನ ಬಟ್ಟಲಿನ ರಂಧ್ರಗಳ ಮೂಲಕ ಗಾಳಿ ನುಗ್ಗಿ ಸಾಧನ ನಿಷ್ಕ್ರಿಯವಾಗುತ್ತದೆ. ಮರಳು ಮಿಶ್ರಿತ ಮಸಾರಿ ಮಣ್ಣಿನಲ್ಲಿ ಬೆಳೆಗೆ ಸಿಗುವ ನೀರಿನ ಬಹುಪಾಲು ಈ ಮಿತಿಯೊಳಗೇ ಇರುತ್ತದೆ. ಎರೆಮಣ್ಣಿನಲ್ಲಿ ಇದಕ್ಕಿಂತ ಒಣಗಿದ ಸ್ಥಿತಿಯಲ್ಲಿಯೂ ಬೆಳೆಗೆ ಗಣನೀಯ ಪ್ರಮಾಣದ ನೀರು ಸಿಗುತ್ತಿರುತ್ತದೆ. ಹೀಗಾಗಿ ಟೆನ್ಸಿಯೋಮೀಟರ್ ಮಸಾರಿಗೆ ಹೆಚ್ಚು ಹೊಂದುತ್ತದೆ. ಇದನ್ನು ನೆಡುವಾಗ ಅದೇ ಗುಂಡಿಯ ಮಣ್ಣನ್ನು ಜರಡಿ ಹಿಡಿದು ರಾಡಿ ಮಾಡಿ ಗುಂಡಿಯ ತಳಕ್ಕೆ ಸುರಿದು, ಅದರಲ್ಲಿ ಬಟ್ಟಲು ಕೂರುವಂತೆ ಇಳಿಸಬೇಕು. ಜಿಪ್ಸಂ ಬಿಲ್ಲೆಯನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿಟ್ಟು ನೆಡಬೇಕು. ಅದು ಕ್ರಮೇಣ ಕರಗುವ ವಸ್ತುವಾದ್ದರಿಂದ ಕಾಲಕಾಲಕ್ಕೆ ಬದಲಾಯಿಸಬೇಕಾಗುತ್ತದೆ.

ಜಾಗದ ಆಯ್ಕೆಗೆ ಬರೋಣ. ಹೊಲದ ಬಹುಭಾಗವನ್ನು ಪ್ರತಿನಿಧಿಸುವ, ಸಾಧಾರಣ ಬೆಳವಣಿಗೆಯ ಗಿಡದ ಬಳಿ ಸಂವೇದಕ ಇರಲಿ. ಬಾಗಿಲಿಗೆ ಹತ್ತಿರವೆಂದೋ ವೈಫೈ ಸಿಗುತ್ತದೆಂದೋ ಅಂಚಿನ ಸಾಲನ್ನು ಆರಿಸಿಕೊಳ್ಳುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಅಂಚಿನ ಗಿಡಗಳಿಗೆ ಬಿಸಿಲು, ಗಾಳಿ ಮತ್ತು ನೀರು ಮೂರೂ ಬೇರೆ ಪ್ರಮಾಣದಲ್ಲಿ ಸಿಗುತ್ತವೆ. ಹನಿ ನೀರಾವರಿಯಲ್ಲಿ ಲ್ಯಾಟರಲ್ ಪೈಪಿನ ಆರಂಭ ಮತ್ತು ಕೊನೆಯನ್ನು ಬಿಟ್ಟು ನಡುವಿನ ಡ್ರಿಪ್ಪರ್ ಆರಿಸಿ. ಆ ಡ್ರಿಪ್ಪರ್ ಕಟ್ಟಿಕೊಂಡಿಲ್ಲವೆಂದು ಖಚಿತಪಡಿಸಿಕೊಂಡು, ಮರಳು ಮಿಶ್ರಿತ ಮಣ್ಣಿನಲ್ಲಿ ಅದರಿಂದ ಸುಮಾರು 10 ಸೆಂ.ಮೀ., ಎರೆಮಣ್ಣಿನಲ್ಲಿ ಸುಮಾರು 20 ಸೆಂ.ಮೀ. ದೂರದಲ್ಲಿ ನೆಡಿರಿ. ಡ್ರಿಪ್ಪರ್‌ನ ನೇರ ಕೆಳಗೆ ನೆಟ್ಟರೆ ಯಾವಾಗಲೂ ಹಸಿ ಎಂದೇ ತೋರಿಸುತ್ತದೆ. ಸಾಧ್ಯವಿದ್ದಲ್ಲಿ ಒಂದೇ ಜಾಗದಲ್ಲಿ ಎರಡು ಆಳಗಳಲ್ಲಿ ಸಂವೇದಕ ಇರಲಿ. ಟೊಮೆಟೊ ಮತ್ತು ಮೆಣಸಿನಕಾಯಿಗೆ 15 ಮತ್ತು 30 ಸೆಂ.ಮೀ. ಆಳ, ದಾಳಿಂಬೆಯಂತಹ ಹಣ್ಣಿನ ಗಿಡಗಳಿಗೆ 20-30 ಮತ್ತು 45-60 ಸೆಂ.ಮೀ. ಆಳ ಸೂಕ್ತ. ಮೇಲಿನದು ನೀರು ಯಾವಾಗ ಬಿಡಬೇಕೆಂದು ಹೇಳಿದರೆ ಕೆಳಗಿನದು ಯಾವಾಗ ನಿಲ್ಲಿಸಬೇಕೆಂದು ಹೇಳುತ್ತದೆ. ಪ್ರತಿ ಸಲ ನೀರು ಬಿಟ್ಟಾಗಲೂ ಕೆಳಗಿನ ಅಂಕೆ ಏರುತ್ತಿದ್ದರೆ ನೀರು ಮತ್ತು ಅದರೊಡನೆ ಕರಗಿದ ಗೊಬ್ಬರ ಬೇರನ್ನು ದಾಟಿ ಪೋಲಾಗುತ್ತಿವೆ ಎಂದು ತಿಳಿಯಬೇಕು. ಒಂದೇ ಸಂವೇದಕ ಕೊಳ್ಳುವಷ್ಟು ಹಣವಿದ್ದರೆ ಬೇರುಗಳು ದಟ್ಟವಾಗಿರುವ ಮೇಲಿನ ಆಳವನ್ನೇ ಆರಿಸಿ, ಕೆಳಗಿನದನ್ನು ಆಗಾಗ ಅಗೆದು ಕೈಯಿಂದ ಹಿಸುಕಿ ನೋಡಿ.

ನೆಟ್ಟ ಮೊದಲ ವಾರದ ಅಂಕೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಣ್ಣು ಮತ್ತೆ ಕೂಡಿಕೊಳ್ಳಲು ಎರಡು ಮೂರು ಸಲ ನೀರು ಹಾಯಬೇಕು. ಕೇಬಲ್ಲನ್ನು ಗಟ್ಟಿ ಪೈಪಿನೊಳಗೆ ಹಾಯಿಸದಿದ್ದರೆ ಇಲಿ ಮತ್ತು ಅಳಿಲುಗಳು ಕಡಿಯುತ್ತವೆ. ನೆಟ್ಟ ಜಾಗಕ್ಕೆ ಎತ್ತರದ ಗೂಟ ಹೊಡೆದು ಬಣ್ಣದ ಬಟ್ಟೆ ಕಟ್ಟಿರಿ. ಎಡೆಕುಂಟೆ ಮತ್ತು ರೋಟವೇಟರ್‌ಗೆ ಸಿಕ್ಕಿ ಹಾಳಾದ ಸಂವೇದಕಗಳ ಸಂಖ್ಯೆ ಕಡಿಮೆಯೇನಲ್ಲ.

ಗಾಳಿಯ ಉಷ್ಣಾಂಶ, ಆರ್ದ್ರತೆ ಮತ್ತು ಎಲೆಯ ತೇವ

ಉಷ್ಣಾಂಶದ ಸಂವೇದಕವನ್ನು ಗಾಳಿಯಾಡುವ ಬಿಳಿ ಕವಚದೊಳಗೆ, ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ, ಹುಲ್ಲು ಇರುವ ಬಯಲಿನಲ್ಲಿ ಇಡಬೇಕು. ಹವಾಮಾನ ಇಲಾಖೆಯ ವೀಕ್ಷಣಾಲಯಗಳಲ್ಲಿ ಕಾಣುವ ಸ್ಟೀವನ್ಸನ್ ಪೆಟ್ಟಿಗೆಗೆ ಉತ್ತರ ದಿಕ್ಕಿಗೆ ಬಾಗಿಲಿಟ್ಟಿರುವುದು ಬಾಗಿಲು ತೆರೆದಾಗ ನೇರ ಬಿಸಿಲು ಒಳಗೆ ಬೀಳದಿರಲೆಂದು. ಸಿಮೆಂಟ್ ಕಣ, ಪಂಪ್‌ಮನೆಯ ಗೋಡೆ, ಗೊಬ್ಬರದ ಗುಂಡಿ, ಕೃಷಿ ಹೊಂಡದ ದಡ ಇವುಗಳಿಂದ ದೂರವಿರಲಿ. ಬಿಸಿಲು ನೇರವಾಗಿ ಬಿದ್ದರೆ ಅಂಕೆ ಹಲವು ಡಿಗ್ರಿಗಳಷ್ಟು ಏರುತ್ತದೆ, ಉಷ್ಣಾಂಶ ಏರಿದಂತೆ ಆರ್ದ್ರತೆಯ ಅಂಕೆ ತಾನಾಗಿ ಇಳಿಯುತ್ತದೆ. ಆಗ ರೋಗ ಮುನ್ಸೂಚನೆ ನೀಡುವ ತಂತ್ರಾಂಶಕ್ಕೆ ತೋಟ ಇರುವುದಕ್ಕಿಂತ ಒಣಗಿದಂತೆ ಕಾಣಿಸಿ, ದ್ರಾಕ್ಷಿಯ ಬೂಜು ರೋಗಕ್ಕೆ ಸಿಂಪರಣೆ ಮಾಡಬೇಕಾದ ದಿನವೇ ತಪ್ಪಿಹೋಗಬಹುದು. ಪಾಲಿಹೌಸಿನಲ್ಲಿ ಸಂವೇದಕವನ್ನು ಬೆಳೆಯ ಮಟ್ಟಕ್ಕೆ ತೂಗುಹಾಕಿ, ಬೆಳೆ ಏರಿದಂತೆ ಅದನ್ನೂ ಏರಿಸುತ್ತ ಹೋಗಬೇಕು.

ಆರ್ದ್ರತೆಯ ಸಂವೇದಕ ವಯಸ್ಸಾದಂತೆ ದಾರಿ ತಪ್ಪುವುದು ಹೆಚ್ಚು, ಗಂಧಕ ಮತ್ತು ಕೀಟನಾಶಕಗಳ ಆವಿಯಿಂದಲೂ ಕೆಡುತ್ತದೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಅಡುಗೆ ಉಪ್ಪಿಗೆ ಸ್ವಲ್ಪವೇ ನೀರು ಬೆರೆಸಿ, ಉಪ್ಪು ಪೂರ್ತಿ ಕರಗದೆ ಒದ್ದೆ ಮುದ್ದೆಯಂತಿರುವಾಗ ಸಣ್ಣ ಬಟ್ಟಲಿನಲ್ಲಿ ಹಾಕಿ, ಗಾಳಿಯಾಡದ ಡಬ್ಬಿಯೊಳಗೆ ಸಂವೇದಕದ ಜೊತೆ ಇಟ್ಟು ಮುಚ್ಚಿರಿ. ಉಪ್ಪು ಸಂವೇದಕಕ್ಕೆ ತಾಗಬಾರದು, ಡಬ್ಬಿ ನೆರಳಿನಲ್ಲಿರಬೇಕು. ಎಂಟು ಹತ್ತು ಗಂಟೆಗಳ ನಂತರ ಶೇ. 75ರ ಆಸುಪಾಸಿನ ಅಂಕೆ ಬರಬೇಕು. ಶೇ. 5ಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಸಂವೇದಕವನ್ನು ಬದಲಾಯಿಸುವುದು ಒಳಿತು.

ಎಲೆಯ ತೇವ ಅಳೆಯುವ ಫಲಕವನ್ನು ಸ್ವಲ್ಪ ಓರೆಯಾಗಿ, ಉತ್ತರಕ್ಕೆ ಮುಖ ಮಾಡಿ, ಗೊಂಚಲುಗಳಿರುವ ಮಟ್ಟದಲ್ಲಿ ಎಲೆಗಳ ನಡುವೆ ಕಟ್ಟಬೇಕು. ಪ್ರತಿ ಸಿಂಪರಣೆಯ ನಂತರ ಅದನ್ನು ಶುದ್ಧ ನೀರಿನಿಂದ ಒರೆಸಬೇಕು.

ಮಳೆಮಾಪಕ

ಮಳೆಮಾಪಕವನ್ನು ಮರ, ಕಟ್ಟಡ ಮುಂತಾದವುಗಳ ಎತ್ತರದ ಕನಿಷ್ಠ ಎರಡರಷ್ಟು, ಸಾಧ್ಯವಾದರೆ ನಾಲ್ಕರಷ್ಟು ದೂರದಲ್ಲಿ ಸ್ಥಾಪಿಸಬೇಕು. ಭಾರತದ ಸಾಮಾನ್ಯ ಮಳೆಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರುತ್ತದೆ. ಚಾವಣಿಯ ಮೇಲೆ ಗಾಳಿಯ ಸುಳಿಯಿಂದ ಹನಿಗಳು ಬಾಯಿಗೆ ಬೀಳದೆ ಮಳೆ ಕಡಿಮೆ ದಾಖಲಾಗುತ್ತದೆ. ಮಾಪಕದ ಬಾಯಿ ಸಮತಟ್ಟಾಗಿರಬೇಕು. ಪುಟ್ಟ ಮಟ್ಟಗೋಲನ್ನು ಇಟ್ಟು ನೋಡಿಕೊಳ್ಳಿ.

ಎಲೆಕ್ಟ್ರಾನಿಕ್ ಮಳೆಮಾಪಕಗಳಲ್ಲಿ ಹೆಚ್ಚಿನವು ತಕ್ಕಡಿಯಂತೆ ಓಲಾಡುವ ಎರಡು ಸಣ್ಣ ಬಟ್ಟಲುಗಳನ್ನು ಹೊಂದಿರುತ್ತವೆ. ಒಂದು ಬಟ್ಟಲು ತುಂಬಿ ಮಗುಚಿದಾಗ ಒಂದು ಎಣಿಕೆಯಾಗುತ್ತದೆ. ಆಲಿಕೆಯಲ್ಲಿ ತರಗೆಲೆ, ಹಕ್ಕಿಯ ಹಿಕ್ಕೆ, ಕಡಜದ ಗೂಡು ಕಟ್ಟಿಕೊಂಡರೆ ಮಳೆ ನಿಂತ ಮೇಲೂ ಗಂಟೆಗಟ್ಟಲೆ ಹನಿ ಮಳೆ ದಾಖಲಾಗುತ್ತಿರುತ್ತದೆ. ಇದು ದೋಷದ ಸ್ಪಷ್ಟ ಲಕ್ಷಣ. ಮುಂಗಾರಿಗೆ ಮೊದಲು ಹೀಗೆ ಪರೀಕ್ಷಿಸಿ: ಬಾಯಿಯ ವ್ಯಾಸ 20 ಸೆಂ.ಮೀ. ಇದ್ದರೆ ಅದರ ವಿಸ್ತೀರ್ಣ 314 ಚದರ ಸೆಂ.ಮೀ., ಆದ್ದರಿಂದ 314 ಮಿಲಿಲೀಟರ್ ನೀರು 10 ಮಿ.ಮೀ. ಮಳೆಗೆ ಸಮ. ತಳದಲ್ಲಿ ಸೂಜಿಯಿಂದ ತೂತು ಮಾಡಿದ ಬಾಟಲಿಯಲ್ಲಿ ಅಷ್ಟು ನೀರು ತುಂಬಿ ಅರ್ಧ ಗಂಟೆಗೆ ಕಡಿಮೆಯಾಗದಂತೆ ನಿಧಾನವಾಗಿ ಹನಿಸಿ. ಒಂದು ಮಗುಚಿಗೆ 0.2 ಮಿ.ಮೀ. ಎಂದಿರುವ ಸಾಧನದಲ್ಲಿ 50 ಎಣಿಕೆ, 0.5 ಮಿ.ಮೀ. ಎಂದಿರುವುದರಲ್ಲಿ 20 ಎಣಿಕೆ ಬರಬೇಕು. ರಭಸದಿಂದ ಸುರಿದರೆ ಬಟ್ಟಲು ಮಗುಚುವ ಅವಧಿಯಲ್ಲಿ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಬಿರುಮಳೆಯಲ್ಲಿಯೂ ಇದೇ ಕಾರಣದಿಂದ ಈ ಮಾಪಕಗಳು ತುಸು ಕಡಿಮೆ ತೋರಿಸುತ್ತವೆ.

ಇಲ್ಲಿ ಒಂದು ಮುಖ್ಯ ವಿಷಯ ಹೇಳಬೇಕಾಗಿದೆ. ಅಡಿಕೆ, ಕಾಳುಮೆಣಸು ಮುಂತಾದ ಬೆಳೆಗಳ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ನಿಮ್ಮ ತೋಟದ ಮಾಪಕದಿಂದಲ್ಲ, ಯೋಜನೆಯಡಿ ಅಧಿಸೂಚಿತವಾದ ಮಾಪಕದ ದಾಖಲೆಯಿಂದ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ಥಾಪಿಸಿರುವ ಮಳೆಮಾಪಕದ ಮೇಲೆ ಮರದ ಕೊಂಬೆ ಚಾಚಿಕೊಂಡಿದ್ದರೆ, ಪಕ್ಕದಲ್ಲಿ ಹೊಸ ಗೋಡೆ ಎದ್ದಿದ್ದರೆ ಅಥವಾ ಸೌರಫಲಕಕ್ಕೆ ಧೂಳು ಕವಿದಿದ್ದರೆ ಅದರ ನಷ್ಟ ಇಡೀ ಪಂಚಾಯಿತಿಯ ರೈತರಿಗೆ ತಟ್ಟುತ್ತದೆ. ಆ ಸಾಧನಕ್ಕೆ ನೀವಾಗಿ ಕೈ ಹಚ್ಚಬೇಡಿ. ದಿನಾಂಕ ಕಾಣುವಂತೆ ಛಾಯಾಚಿತ್ರ ತೆಗೆದು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಮತ್ತು ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ಹಂಗಾಮು ಮುಗಿದ ಮೇಲೆ ಎತ್ತಿದ ತಕರಾರಿಗಿಂತ ಹಂಗಾಮಿನ ಆರಂಭದಲ್ಲಿ ಕೊಟ್ಟ ಒಂದು ಪತ್ರಕ್ಕೆ ಹೆಚ್ಚಿನ ಬೆಲೆಯಿರುತ್ತದೆ. ನಿಮ್ಮ ಮಾಪಕದ ಅಂಕೆಗೂ ಪಂಚಾಯಿತಿಯ ಅಂಕೆಗೂ ಒಂದೆರಡು ದಿನ ವ್ಯತ್ಯಾಸ ಬಂದ ಮಾತ್ರಕ್ಕೆ ದೋಷವೆಂದು ಭಾವಿಸಬಾರದು, ಗುಡುಗು ಮಳೆ ಒಂದು ಹೊಲದಲ್ಲಿ ಸುರಿದು ಪಕ್ಕದ ಹೊಲವನ್ನು ಬಿಟ್ಟುಹೋಗುವುದು ಎಲ್ಲರಿಗೂ ತಿಳಿದದ್ದೇ. ತಿಂಗಳಿಡೀ ಒಂದೇ ಕಡೆಗೆ ವಾಲಿದ ವ್ಯತ್ಯಾಸ ಕಂಡರೆ ಮಾತ್ರ ಪ್ರಶ್ನಿಸಬೇಕು.

ವಿದ್ಯುತ್, ಸಿಡಿಲು ಮತ್ತು ಜೀವರಕ್ಷಣೆ

ಸಂವೇದಕಗಳ ವೋಲ್ಟೇಜ್ ಅತ್ಯಲ್ಪ, ಅವುಗಳಿಂದ ಆಘಾತವಾಗುವುದಿಲ್ಲ. ಅಪಾಯವಿರುವುದು ಅವುಗಳ ಕಂಬ ಮತ್ತು ನೆರೆಯ ವಿದ್ಯುತ್ ಮಾರ್ಗಗಳಲ್ಲಿ. ಸಾಧನ ಹೊತ್ತ ಲೋಹದ ಕಂಬವನ್ನು ಮೇಲೆ ಹಾದುಹೋಗುವ ತಂತಿಗಳಿಂದ ಕಂಬದ ಎತ್ತರಕ್ಕಿಂತ ಸಾಕಷ್ಟು ಹೆಚ್ಚಿನ ದೂರದಲ್ಲಿ ನಿಲ್ಲಿಸಬೇಕು. ನಿಲ್ಲಿಸುವಾಗ ಅಥವಾ ಇಳಿಸುವಾಗ ಅದು ಕೈತಪ್ಪಿ ಯಾವ ಕಡೆಗೆ ಬಿದ್ದರೂ ತಂತಿಗೆ ತಾಗಬಾರದು. ಈ ಕೆಲಸವನ್ನು ಒಬ್ಬರೇ ಮಾಡಬಾರದು, ಗಾಳಿ ಬೀಸುವಾಗ ಮಾಡಲೇಬಾರದು.

ಮಾರ್ಚ್‌ನಿಂದ ಮೇ ವರೆಗಿನ ಮುಂಗಾರು ಪೂರ್ವ ಮಳೆಯಲ್ಲಿ ಸಿಡಿಲಿನ ಹಾವಳಿ ಹೆಚ್ಚು. ಬಯಲಿನಲ್ಲಿ ಎತ್ತರಕ್ಕೆ ನಿಂತ ಕಂಬ ಸಿಡಿಲಿಗೆ ಸುಲಭ ಗುರಿ. ಗುಡುಗು ಕೇಳಿದ ಕೂಡಲೇ ಕಂಬದಿಂದ ದೂರ ಸರಿದು ಪಕ್ಕಾ ಮನೆಯೊಳಗೆ ಸೇರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಹೊರಬರಬೇಡಿ. ಸಾಧನ ಸುಟ್ಟರೆ ಇನ್ನೊಂದು ತರಬಹುದು. ಉದ್ದನೆಯ ಕೇಬಲ್ಲುಗಳಿದ್ದಲ್ಲಿ ಸಿಡಿಲು ದೂರದಲ್ಲಿ ಬಡಿದರೂ ವಿದ್ಯುತ್ ಅಲೆ ಹರಿದು ಪೆಟ್ಟಿಗೆ ಸುಡಬಹುದಾದ್ದರಿಂದ ಅಲೆರೋಧಕ ಸಾಧನ ಮತ್ತು ಕಂಬಕ್ಕೆ ಸರಿಯಾದ ಅರ್ಥಿಂಗ್ ಅವಶ್ಯ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದ್ದರೆ ಅದಕ್ಕೂ ನೀರು ಹಾಕಿ.

ಸಂವೇದಕದ ಕೇಬಲ್ಲನ್ನು ಮೋಟಾರಿನ ಕೇಬಲ್ ಜೊತೆ ಒಂದೇ ಕಾಲುವೆಯಲ್ಲಿ ಹೂಳಬೇಡಿ. ಅನಿವಾರ್ಯವಾಗಿ ದಾಟಬೇಕಾದಲ್ಲಿ ಲಂಬವಾಗಿ ದಾಟಿಸಿ. ಪಂಪು ಚಾಲೂ ಆದಾಗಲೆಲ್ಲ ಅಂಕೆ ಜಿಗಿಯುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ ಆಗಿರುತ್ತದೆ. ಸ್ಟಾರ್ಟರ್ ಡಬ್ಬಿಗೆ ಸಾಧನ ಜೋಡಿಸುವ ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಬೇಕು. ತ್ರೀ ಫೇಸ್ ಕರೆಂಟು ಹೋದ ಸಮಯವೆಂದು ಡಬ್ಬಿ ತೆರೆಯುವುದು ಪ್ರಾಣಾಂತಿಕ, ಅದು ಯಾವ ಕ್ಷಣದಲ್ಲಿಯೂ ಮರಳಬಹುದು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಚುಚ್ಚಬಾರದು.

ಧಾನ್ಯದ ತೇವಾಂಶ ಮಾಪಕ ಹಾಗೂ ಕೈಯಲ್ಲಿ ಹಿಡಿಯುವ ಇತರ ಸಾಧನಗಳು

ಬೆಂಬಲ ಬೆಲೆ ಖರೀದಿಯಲ್ಲಿ ಭತ್ತಕ್ಕೆ ಶೇ. 17, ಮೆಕ್ಕೆಜೋಳಕ್ಕೆ ಶೇ. 14, ರಾಗಿಗೆ ಶೇ. 12 ತೇವಾಂಶದ ಮಿತಿ ಇದೆ. ಕಣದಿಂದ ಬಿಸಿಬಿಸಿಯಾಗಿ ಎತ್ತಿದ ಕಾಳನ್ನು ಹಾಗೆಯೇ ಮಾಪಕಕ್ಕೆ ಹಾಕಿದರೆ ಅಂಕೆ ತಪ್ಪಾಗುತ್ತದೆ. ಮಾದರಿಯನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಕೋಣೆಯ ಉಷ್ಣಾಂಶಕ್ಕೆ ಬಂದ ನಂತರ ಅಳೆಯಿರಿ. ಇಬ್ಬನಿ ತಾಗಿದ ಕಾಳನ್ನೂ ಅಳೆಯಬಾರದು. ಸಾಧನದಲ್ಲಿ ಬೆಳೆಯ ಹೆಸರನ್ನು ಸರಿಯಾಗಿ ಆರಿಸಿ, ಹಲವು ಚೀಲಗಳಿಂದ ಬೆರೆಸಿದ ಮಾದರಿಯಿಂದ ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಮಾಪಕ ಇರುವುದಕ್ಕಿಂತ ಹೆಚ್ಚು ತೋರಿಸಿದರೂ ನಷ್ಟ ರೈತರಿಗೇ: ಶೇ. 17ರಲ್ಲಿ ಮಾರಬಹುದಾದ ಭತ್ತವನ್ನು ಶೇ. 15ಕ್ಕೆ ಒಣಗಿಸಿದರೆ ಪ್ರತಿ ಕ್ವಿಂಟಲ್‌ಗೆ ಸುಮಾರು 2.4 ಕಿಲೋ ತೂಕ ಇಳಿಯುತ್ತದೆ. ಖರೀದಿ ಕೇಂದ್ರದ ಅಂಕೆ ನಿಮ್ಮದಕ್ಕಿಂತ ಬೇರೆಯಾದರೆ, ಅದೇ ಮುಚ್ಚಿದ ಮಾದರಿಯನ್ನು ಎರಡೂ ಸಾಧನಗಳಲ್ಲಿ ಎದುರಿಗೇ ಅಳೆಯುವಂತೆ ವಿನಯದಿಂದ ಕೋರಿರಿ.

ರಸಸಾರ ಮಾಪಕದ ಗಾಜಿನ ಬುಗ್ಗೆ ಒಣಗಬಾರದು, ಶುದ್ಧೀಕರಿಸಿದ ನೀರಿನಲ್ಲಿ ನೆನೆದೂ ಇರಬಾರದು. ಅದರ ಟೊಪ್ಪಿಗೆಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವಿರಲಿ. ಬುಗ್ಗೆಯನ್ನು ಉಜ್ಜದೆ ಮೆತ್ತನೆಯ ಕಾಗದ ತಾಗಿಸಿ ನೀರು ಹೀರಿಸಿ. ಅಳೆಯುವ ಮುನ್ನ 7.0 ಮತ್ತು 4.0 ದ್ರಾವಣಗಳಿಂದ, ಕ್ಷಾರ ಮಣ್ಣಿನ ಪ್ರದೇಶಗಳಲ್ಲಿ 7.0 ಮತ್ತು 9.2ರಿಂದ ಹೊಂದಿಸಿ. ವಿದ್ಯುತ್ ವಾಹಕತೆಯ ಮಾಪಕವು 0.01 ನಾರ್ಮಲ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ 25 ಡಿಗ್ರಿಯಲ್ಲಿ 1.41 ಡೆಸಿಸೈಮನ್ಸ್ ಪ್ರತಿ ಮೀಟರ್ ತೋರಿಸಬೇಕು.

ಎಲೆಕ್ಟ್ರಾನಿಕ್ ತಕ್ಕಡಿಯನ್ನು ಗಟ್ಟಿ ನೆಲದ ಮೇಲೆ, ಮಟ್ಟದ ಗುಳ್ಳೆ ನಡುವಿಗೆ ಬರುವಂತೆ, ಫ್ಯಾನ್ ಗಾಳಿ ತಾಗದಂತೆ ಇಡಬೇಕು. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ವಾರ್ಷಿಕ ಮುದ್ರೆ ಕಡ್ಡಾಯ. ಮಾರುವವರು ಆ ಮುದ್ರೆಯ ಅವಧಿಯನ್ನು ನೋಡಿಯೇ ತೂಗಿಸಬೇಕು.

ಹಂಗಾಮು ಮುಗಿದ ಮೇಲೆ

ಕಿತ್ತ ಸಂವೇದಕಗಳನ್ನು ಕೇಬಲ್ ಹಿಡಿದು ಎಳೆಯದೆ ಸುತ್ತ ಅಗೆದು ಹೊರತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಬೇಕು. ಒಣ ಬ್ಯಾಟರಿ ಸೆಲ್ಲುಗಳನ್ನು ಹೊರತೆಗೆಯದಿದ್ದರೆ ಅವು ಸೋರಿ ಸಂಪರ್ಕಗಳನ್ನು ತಿಂದುಹಾಕುತ್ತವೆ. ಕೀಟನಾಶಕ ಮತ್ತು ಗೊಬ್ಬರದ ಚೀಲಗಳಿರುವ ಕೋಣೆಯಲ್ಲಿ ಇಡಬೇಡಿ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣವಿರಲಿ. ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬದಲಾಯಿಸಿ. ಯಾವ ಸಂವೇದಕ ಯಾವ ತಾಕಿನಲ್ಲಿ, ಯಾವ ಆಳದಲ್ಲಿ, ಯಾವ ದಿನದಿಂದ ಇತ್ತು ಎಂಬುದನ್ನು ಡಬ್ಬಿಯ ಮೇಲೆಯೇ ಬರೆದಿಡಿ. ಸಹಾಯಧನದಲ್ಲಿ ಸಾಧನ ವಿತರಿಸುವ ವಿಸ್ತರಣಾ ಕಾರ್ಯಕರ್ತರು ಅಳವಡಿಸಿದ ದಿನದ ಛಾಯಾಚಿತ್ರದೊಡನೆ ಈ ವಿವರಗಳ ಒಂದು ಪ್ರತಿಯನ್ನು ತಮ್ಮ ಬಳಿಯೂ ಇಟ್ಟುಕೊಂಡು, ಮೊದಲ ಎರಡು ತಿಂಗಳಲ್ಲಿ ಒಮ್ಮೆಯಾದರೂ ಸ್ಥಳಕ್ಕೆ ಹೋಗಿ ಗುಂಡಿಯ ಸುತ್ತ ಮಣ್ಣು ಕುಸಿದಿದೆಯೇ, ಪಕ್ಕದ ಡ್ರಿಪ್ಪರ್ ಹನಿಯುತ್ತಿದೆಯೇ ಎಂದು ನೋಡಿ ಬರಬೇಕು.